ನೆರೆಮನೆಯ ಹಾಡು, ನಮ್ಮ ಶಾಲೆಯ ಪಾಠ

(ಹೊಳಲಿನಲ್ಲಿ ಕೂಡಿದ ಉಪಾಧ್ಯಾಯರ ಹಾಗೂ ಊರ ಮಹಾಜನರ ಸಭೆಯಲ್ಲಿ ಮಾಡಿದ ಭಾಷಣ)



ತಮ್ಮ ಊರಿನ ಹೆಸರು ಬಹು ಹಳೆಯದು. ಪೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣ. ಪಟ್ಟಣವೆಂದರೆ ಬಗೆಬಗೆಯ ಜನರು ಕೂಡಿ ಬಾಳುವ ಸ್ಥಳ. ಅನಂತಶಯನನ ಸನ್ನಿಧಿಯುಳ್ಳ, ಮೈಲಾರಕ್ಕೂ ಕುರುವತ್ತಿಗೂ ನೆರೆಯಾದ ಈ ಊರಿನಲ್ಲಿ ಶಾಲೆಗಳ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ತಾವು ಅಪ್ಪಣೆ ಕೊಟ್ಟಿರುವಿರಿ. ನಾವು ಹೇಳಬೇಕೆಂದಿರುವದು ಮುಖ್ಯವಾಗಿ ಒಂದೇ ಮಾತು. ನಾಡನ್ನು ಕೂಡಿಸುವ ಕೆಲಸವು ಇನ್ನೂ ಮುಗಿದಿಲ್ಲ. ಉಳಿದಿರುವ ಭಾಗವು ಸರಕಾರದ ಕಾಗದಗಳಿಂದ ಆಗತಕ್ಕದ್ದಲ್ಲ; ಕನ್ನಡ ಶಾಲೆಯ ಮಕ್ಕಳು ನೆರೆಮನೆಯ ಹಾಡನ್ನೂ ಹಿರಿಯರ ನೆನಪನ್ನೂ ಕೇಳಿ ಬರೆದುಕೊಳ್ಳುವದರಿಂದ ಆಗತಕ್ಕದ್ದು.

ಏಕೀಕರಣವೆಂದರೇನೆಂದು ಈ ಸೀಮೆಯ ಹಿರಿಯರಿಗೆ ಬೇರೆ ಹೇಳಬೇಕಾದುದಿಲ್ಲ. 1953ಕ್ಕೆ ಮುಂಚೆ ಹೊಳಲು ಮದ್ರಾಸಿಗೆ ಸೇರಿತ್ತು. ಹೊಳೆಯ ಆಚೆಯ ರಾಣೆಬೆನ್ನೂರು, ಹಾವೇರಿಗಳು ಮುಂಬಯಿಗೆ ಸೇರಿದ್ದವು. ದಕ್ಷಿಣಕ್ಕೆ ದಾವಣಗೆರೆ, ಹರಿಹರಗಳಿಗೆ ಹೋದರೆ ಮೈಸೂರು ಸಂಸ್ಥಾನ. ಹೊಳೆಯ ಗುಂಟ ಕೆಳಗಿಳಿದು ಕೊಪ್ಪಳದ ಸೀಮೆಯನ್ನು ಹೊಕ್ಕರೆ ಹೈದರಾಬಾದು. ಒಂದೇ ನುಡಿಯನ್ನಾಡುತ್ತ, ಒಂದೇ ಹೊಳೆಯ ನೀರನ್ನು ಕುಡಿಯುತ್ತ ಬಂದ ಜನರು ನಾಲ್ಕು ದೊರೆತನಗಳಲ್ಲಿ ಹಂಚಿಹೋಗಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಬೇರೆಯಾದಾಗ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೊದಲಾದ ತಾಲೂಕುಗಳು ಮೈಸೂರನ್ನು ಕೂಡಿಕೊಂಡವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. 1956ರ ನವೆಂಬರ್ 1ರಂದು ಹೊಳೆಯ ಆಚೆಯವರೂ ಬಂದು ಸೇರಿದರು. 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. 2021ರಲ್ಲಿ ಈ ಪಶ್ಚಿಮದ ತಾಲೂಕುಗಳು ವಿಜಯನಗರವೆಂಬ ಬೇರೆ ಜಿಲ್ಲೆಯಾದವು.

ಹೀಗೆ ನಕಾಶೆಯ ಗೆರೆಗಳು ಅಳಿಸಿದವು. ಆದರೆ ಊರೊಳಗಿನ ಗೆರೆಗಳ ಗತಿಯೇನು? ಅಗಸೆಯ ಒಳಗಿನ ಮಗುವಿಗೆ ಅರ್ಧ ಹರದಾರಿಯಾಚೆಯ ತಾಂಡಾದಲ್ಲಿ ಮದುವೆಗೆ ಯಾವ ಹಾಡನ್ನು ಹಾಡುವರೆಂಬದು ಗೊತ್ತಿಲ್ಲ. ತಾಂಡಾದ ಮಗುವು ಶಾಲೆಗೆ ಬಂದೊಡನೆ ತನ್ನ ಮನೆಮಾತನ್ನು ಬಾಗಿಲ ಹೊರಗೆ ಬಿಟ್ಟು ಬರುವದು. ಒಂದೇ ಬೆಂಚಿನ ಮೇಲೆ ಕುಳಿತ ಮೂರು ಮಕ್ಕಳ ಮನೆಗಳಲ್ಲಿ ಮೂರು ಭಾಷೆಗಳಿರಬಹುದು, ಮೂರು ಬಗೆಯ ಕಥೆಗಳಿರಬಹುದು. ಆ ಮೂವರೂ ಅದನ್ನರಿಯದೆಯೇ ಹತ್ತು ವರ್ಷ ಕೂಡಿ ಓದಿ ಅಗಲಿ ಹೋಗುವರು. ಇದು ಕೂಡಿ ಬಾಳುವದೆನ್ನಿಸಲಾರದು.

ನಮ್ಮ ಸೀಮೆಯ ಕನ್ನಡವನ್ನು ಬೆಳೆಯಿಸಿದವರು ಯಾರೆಂಬದನ್ನು ತುಸು ಯೋಚಿಸೋಣ. ಮೈಲಾರವನ್ನೇ ಮೊದಲು ತೆಗೆದುಕೊಳ್ಳೋಣ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಡೆಂಕನಮರಡಿಯಲ್ಲಿ ಜನಸಾಗರವೇ ಕೂಡುವದು. ಆ ಒಂದು ಸಾಲಿನಲ್ಲಿ ರೈತನು ವರುಷದ ಮಳೆಬೆಳೆಯನ್ನು ಹುಡುಕುವನು. ಇದು ನಮ್ಮದು, ಅಚ್ಚ ಕನ್ನಡದ್ದು ಎಂದು ನಾವು ಹೆಮ್ಮೆಪಡುತ್ತೇವೆ, ಹೆಮ್ಮೆಪಡತಕ್ಕದ್ದೇ ಸರಿ. ಆದರೆ ಇದೇ ದೇವರು ಪುಣೆಯ ಕಡೆಯ ಜೇಜುರಿಯಲ್ಲಿ ಖಂಡೋಬನಾಗಿರುವನು. ತೆಲಂಗಾಣದ ಕೊಮುರವೆಲ್ಲಿಯಲ್ಲಿ ಮಲ್ಲಣ್ಣನಾಗಿರುವನು. ಇಲ್ಲಿ ಗೊರವರು ಡಮರು ಹಿಡಿದು ಕುಣಿದರೆ ಅಲ್ಲಿ ವಾಘ್ಯಾಗಳು ಹಾಡುವರು. ಮತ್ತೊಂದೆಡೆ ಒಗ್ಗು ಕಥೆಯವರು ಅದೇ ಕಥೆಯನ್ನು ತೆಲುಗಿನಲ್ಲಿ ಹೇಳುವರು. ನಮ್ಮವರು ಗಂಗಿಮಾಳವ್ವ, ಕುರುಬತ್ತೆವ್ವ ಎನ್ನುವಲ್ಲಿ ಮರಾಠರು ಮ್ಹಾಳಸಾ, ಬಾಣಾಯಿ ಎನ್ನುವರು. ತೆಲುಗರು ಮೇಡಲಮ್ಮ, ಕೇತಮ್ಮ ಎನ್ನುವರು. ಮರಾಠಿಯ ಹಾಡುಗಳಲ್ಲಿ ಒಬ್ಬ ಮಡದಿ ವ್ಯಾಪಾರಿಗಳ ಮನೆಯವಳು, ಮತ್ತೊಬ್ಬಳು ಕುರಿ ಕಾಯುವವರ ಮಗಳು. ಜರ್ಮನ್ ವಿದ್ವಾಂಸರಾದ ಗುಂಥರ್ ಸೊಂಥೈಮರರು ಈ ದೇವರ ಭಕ್ತರ ಬೆನ್ನುಹತ್ತಿ ಬಹುಕಾಲ ತಿರುಗಿ ಅಭ್ಯಾಸ ಮಾಡಿದರು. ಮೈಲಾರದ ಮಗ್ಗುಲಲ್ಲಿಯೇ ಇರುವ ನಮ್ಮ ಮಕ್ಕಳು ಇದನ್ನರಿತರೆ, ಕನ್ನಡಿಗ, ಮರಾಠ, ತೆಲುಗರೆಂಬ ಮೂವರು ನೆರೆಯವರು ಒಂದೇ ಭಂಡಾರವನ್ನು ಹಣೆಗಿಟ್ಟುಕೊಂಡಿರುವರೆಂದು ಅವರಿಗೆ ತಾನಾಗಿಯೇ ತಿಳಿಯುವದು.

ಇನ್ನು ತೊಗಲುಗೊಂಬೆಯ ಆಟ. ರಾಮಾಯಣ ಮಹಾಭಾರತಗಳನ್ನು ದೀಪದ ಬೆಳಕಿನ ಪರದೆಯ ಮೇಲೆ ಕನ್ನಡದಲ್ಲಿ ಆಡಿಸಿದ ಕಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಬಗೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇವೇ ಗೊಂಬೆಗಳಿಂದ ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯವರ ಜೀವನವನ್ನೂ ಆಡಿಸಿ ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. ಬುರ್ರಕಥೆಯನ್ನು ಊರೂರಿಗೆ ಒಯ್ದ ಬುಡ್ಗ ಜಂಗಮರ ಮನೆಮಾತು ತೆಲುಗು. ಆ ಕುಲದಲ್ಲಿ ಹುಟ್ಟಿದ ಸಂಡೂರು ತಾಲೂಕಿನ ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಆದರೆ ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ ಮೊದಲಾಗಿ ಹನ್ನೆರಡು ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಅಚ್ಚಿನಲ್ಲಿ ಅವು ಏಳು ಸಾವಿರ ಪುಟಗಳಷ್ಟಾಗುವವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರಲ್ಲಿ ಅವರೂ ಕಣ್ಮುಚ್ಚಿದರು.

ನಮ್ಮ ಹಳ್ಳಿಗಳ ಮೊಹರಂ ಹಬ್ಬವನ್ನು ತಾವೆಲ್ಲರೂ ಕಂಡವರೇ. ಅಲಾವಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಹಸನ್ ಹುಸೇನರ ಕರ್ಬಲಾದ ಕಥೆಯನ್ನು ಕನ್ನಡದ ಪದಗಳಲ್ಲಿ ಹಾಡುವವರಲ್ಲಿ, ಹಿಂದುಗಳೆಷ್ಟು ಮಂದಿ ಎಂಬದನ್ನು ಎಣಿಸುವವರಾರು? ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿಯೂ ಪೀರಲ ದೇವರು ಕೂಡುವದುಂಟು. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ ಎಂಬ ಗ್ರಂಥವನ್ನೇ ಬರೆದಿದ್ದಾರೆ. ಅರಬರ ದೇಶದಲ್ಲಿ 680ರಲ್ಲಿ ನಡೆದ ಒಂದು ಘೋರ ಸಂಗತಿಯು ಬಯಲುಸೀಮೆಯ ಕುರುಬನ, ನಾಯಕನ, ಮಾದರವನ ಬಾಯಲ್ಲಿ ಕನ್ನಡದ ಶೋಕಗೀತವಾಗಿದೆ. ಲಂಬಾಣಿಗರ ನುಡಿಯು ರಾಜಸ್ಥಾನದ ಕಡೆಯದು. ಅದಕ್ಕೆ ತನ್ನದೇ ಲಿಪಿಯಿಲ್ಲ. ನಮ್ಮ ನಾಡಿನಲ್ಲಿ ಅದನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯುವರು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆ ಹೊಲಿಗೆಯು ದೂರದೇಶಗಳ ಪೇಟೆಗೂ ಹೋಗುವದು. ಪಕ್ಕದ ಶಾಲೆಯ ಪಾಠಕ್ಕೆ ಮಾತ್ರ ಅದು ಬಂದಿಲ್ಲ.

ಮಹಾಶಯರೇ, ಇವೆಲ್ಲವನ್ನೂ ಹೇಳಿದುದು ಏತಕ್ಕೆ? ಕನ್ನಡವು ಕನ್ನಡ ಮನೆಮಾತಿನವರೊಬ್ಬರ ಸೊತ್ತಾಗಿ ಇಲ್ಲಿ ಎಂದೂ ಇರಲಿಲ್ಲ. ಮರಾಠಿ, ತೆಲುಗು, ಉರ್ದು, ಲಂಬಾಣಿಗಳನ್ನು ಮನೆಯಲ್ಲಾಡುವವರು ಬೀದಿಗೆ ಬಂದು ಕನ್ನಡದಲ್ಲಿ ಹಾಡಿದರು, ಕುಣಿದರು, ಕಥೆ ಹೇಳಿದರು. ನಮ್ಮ ನುಡಿಗೆ ಅವರು ಸಲ್ಲಿಸಿದ ಸೇವೆಗೆ ಪ್ರತಿಯಾಗಿ ನಮ್ಮ ಶಾಲೆಯು ಅವರಿಗೆ ಏನು ಕೊಟ್ಟಿದೆ ಎಂಬದೇ ಇಂದಿನ ಪ್ರಶ್ನೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆಯು ಕಡ್ಡಾಯ ವಿಷಯವಾಗಬೇಕೆಂದು ಹೇಳಿತು. ಆದರೆ ಅನೇಕ ಶಾಲೆಗಳಲ್ಲಿ ಕಲೆಯೆಂದರೆ ವಾರ್ಷಿಕೋತ್ಸವದ ಒಂದು ಸಂಜೆ. ಆ ಸಂಜೆ ಲಂಬಾಣಿಯ ಉಡುಪನ್ನು ಬಾಡಿಗೆಗೆ ತಂದು ಬೇರೆ ಮಕ್ಕಳಿಗೆ ತೊಡಿಸಿ, ಧ್ವನಿವರ್ಧಕದ ಹಾಡಿಗೆ ಕುಣಿಸುವರು. ನಿಜವಾದ ಲಂಬಾಣಿ ಹುಡುಗಿಯು ಕೆಳಗೆ ಕುಳಿತು ನೋಡುತ್ತಿರುವಳು. ಅವಳ ಅಜ್ಜಿಗೆ ಬರುವ ಹಾಡು ಯಾವದು, ಆ ಕನ್ನಡಿ ತುಣುಕುಗಳ ಹೊಲಿಗೆಯನ್ನು ಯಾರು ಯಾರಿಗೆ ಕಲಿಸಿದರು ಎಂದು ಅವಳನ್ನು ಯಾರೂ ಕೇಳುವದಿಲ್ಲ. ಇದರಿಂದ ವೇಷದ ಪರಿಚಯವಾದೀತು, ಮನುಷ್ಯರ ಪರಿಚಯವಾಗದು.

ಮಾರ್ಗವನ್ನು ತೋರಿಸಿದವರು ನಮ್ಮಲ್ಲಿಯೇ ಇದ್ದಾರೆ. ವಿಜಯಪುರ ಸೀಮೆಯ ಹಲಸಂಗಿಯೆಂಬ ಹಳ್ಳಿಯಿಂದ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವು ಹೊರಬಂದಿತು. ಅದನ್ನು ಕೂಡಿಸಿದವರು ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪನವರು, ಸಿಂಪಿ ಲಿಂಗಣ್ಣನವರು ಹಾಗೂ ಪಿ. ಧೂಲಾಸಾಹೇಬರು. ಲಿಂಗಣ್ಣನವರು ಹಳ್ಳಿಯ ಶಾಲೆಯ ಮಾಸ್ತರರು, ಧೂಲಾಸಾಹೇಬರು ಮುಸಲ್ಮಾನರು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಎದೆಯ ಮಾತನ್ನು ಇಂಥ ಗೆಳೆಯರು ಕೂಡಿಯೇ ಆಲಿಸಿ ಬರೆದುಕೊಂಡರು. ಆ ಪುಸ್ತಕವು ಕನ್ನಡ ಸಾಹಿತ್ಯದ ಒಡವೆಯಾಯಿತು. ಅದನ್ನು ಮಾಡುವ ಕೆಲಸವು ಊರಿನ ಒಕ್ಕಟ್ಟಿಗೆ ಸಾಕ್ಷಿಯಾಯಿತು. ನಮ್ಮ ಸಮೀಪದಲ್ಲಿಯೂ ಹರಪನಹಳ್ಳಿ ತಾಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರು ತಮ್ಮ ಸುತ್ತಲಿನ ಜನಪದ ಹಾಡುಗಳನ್ನು ಕೂಡಿಸುವ ಕಾರ್ಯದಲ್ಲಿ ಬಾಳನ್ನು ಸವೆಸಿದರು. ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿ ನಾಟಕದ ಅಭಿರುಚಿಯನ್ನು ಬೆಳೆಯಿಸಿದರು. ಈ ನೆಲವು ಕಲೆಗೆ ಬಂಜರಲ್ಲ.

ಹೊರದೇಶದ ಒಂದು ಉದಾಹರಣೆಯನ್ನು ಹೇಳುತ್ತೇವೆ. ಐರ್ಲಂಡದಲ್ಲಿ 1937ರಿಂದ 1939ರವರೆಗೆ ಅಲ್ಲಿಯ ಜಾನಪದ ಆಯೋಗವು ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಒಂದು ಕೆಲಸಕ್ಕೆ ಹಚ್ಚಿತು. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಪ್ರಬಂಧ ಬರೆಯುವ ಹೊತ್ತಿನಲ್ಲಿ, ತಮ್ಮ ಮನೆಯ ಹಾಗೂ ನೆರೆಯ ಮುದುಕರಿಂದ ಕೇಳಿದ ಕಥೆ, ಹಾಡು, ಔಷಧ, ಕಸುಬು, ಬರಗಾಲದ ನೆನಪುಗಳನ್ನು ಬರೆದರು. ಕೂಡಿದ ಪುಟಗಳು ಸುಮಾರು 7,40,000. ಹೇಳಿದವರು ಬಡ ರೈತರು, ಬರೆದವರು ಮಕ್ಕಳು. ಇಂದು ಅದು ಆ ರಾಷ್ಟ್ರದ ಭಂಡಾರ. ಆದರೆ ಒಂದನ್ನು ಗಮನಿಸಬೇಕು. ಆ ಕಾರ್ಯವು ಸ್ವತಂತ್ರವಾದ ಇಪ್ಪತ್ತಾರು ಜಿಲ್ಲೆಗಳಲ್ಲಿ ಮಾತ್ರ ನಡೆಯಿತು. ಬ್ರಿಟಿಷರ ಕೈಯಲ್ಲಿ ಉಳಿದ ಉತ್ತರದ ಆರು ಜಿಲ್ಲೆಗಳಲ್ಲಿ ನಡೆಯಲಿಲ್ಲ. ನಮ್ಮ ಕೆಲಸವು ಗಡಿಯ ಹತ್ತಿರ ಬಂದು ನಿಲ್ಲಬಾರದು.

ಈಗಲೇ ಏಕೆ ಎಂದು ತಾವು ಕೇಳಬಹುದು. ಕಾಲವು ನಮಗಾಗಿ ಕಾಯುವದಿಲ್ಲ ಎಂಬದೇ ಉತ್ತರ. ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಮೊದಲಾಗಿ 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅಂದು ಹತ್ತು ವರ್ಷದವರಾಗಿ ತಾಯಿಯ ಸೆರಗನ್ನು ಹಿಡಿದು ಹೊರಟವರು ಇಂದು ಎಂಬತ್ತನ್ನು ದಾಟಿದ್ದಾರೆ. ಯಾವ ದೇವರನ್ನು ಮೊದಲು ಬಂಡಿಗೆ ಏರಿಸಿದರು? ಯಾವ ಗಿಡವನ್ನು ಕಡಿಯಲು ಮನಸ್ಸು ಬಾರಲಿಲ್ಲ? ಹೊಸ ಊರಿನವರು ಬಾವಿಯ ನೀರನ್ನು ಕೊಟ್ಟರೋ, ಕೊಡಲಿಲ್ಲವೋ? ಇದಕ್ಕೆ ಸರಕಾರದ ದಫ್ತರದಲ್ಲಿ ಉತ್ತರವಿಲ್ಲ; ಆ ಮುದುಕರ ಬಾಯಲ್ಲಿದೆ. ಹೊಳೆಯ ಆಚೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವರು ದಂಡಿಯ ನಡಿಗೆಯಲ್ಲಿ ಗಾಂಧೀಜಿಯವರ ಸಂಗಡ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಮುಂಬಯಿಯ ಆ ದಂಡೆಯ ಸುದ್ದಿಯು ಮದ್ರಾಸಿನ ಈ ದಂಡೆಗೆ ಹೇಗೆ ಮುಟ್ಟಿತೆಂದು ಹೇಳಬಲ್ಲವರು ಈಗ ಎಷ್ಟು ಮಂದಿ ಉಳಿದಿರುವರು? ಈರಮ್ಮ, ವೀರಣ್ಣರಂಥವರು ಹೋದಾಗ ಪತ್ರಿಕೆಗಳಲ್ಲಿಯಾದರೂ ಬಂದಿತು. ಹೆಸರಿಲ್ಲದ ಅಜ್ಜಿಯೊಬ್ಬಳು ಹೋದಾಗ ಹಾಡುಗಳ ಒಂದು ಕಣಜವೇ ಸದ್ದಿಲ್ಲದೆ ಬರಿದಾಗುವದು.

ಕೆಲಸವನ್ನು ಹೇಗೆ ಮಾಡತಕ್ಕದ್ದೆಂಬ ವಿಷಯದಲ್ಲಿ ನಮ್ಮ ಸೂಚನೆಗಳಿವು. ಮೊದಲನೆಯದಾಗಿ, ಆರರಿಂದ ಎಂಟನೆಯ ತರಗತಿಯವರೆಗೆ ವಾರಕ್ಕೊಂದು ಪ್ರಬಂಧದ ಅವಧಿಯನ್ನು ಇದಕ್ಕಾಗಿ ಕೊಡಬೇಕು. ಎರಡನೆಯದೇ ಬಹು ಮುಖ್ಯವಾದುದು: ಪ್ರತಿಯೊಂದು ಮಗುವೂ ತನ್ನ ಮನೆಯಲ್ಲಿ ಮಾತ್ರವಲ್ಲ, ತನ್ನದಲ್ಲದ ಕೇರಿಯ ಒಂದು ಮನೆಯಲ್ಲಿಯೂ ಕೇಳಿ ಬರೆಯಬೇಕು. ಜೊತೆಗೆ ಆ ಮನೆಯ ಸಹಪಾಠಿಯೇ ಹೋಗಿ ಪರಿಚಯ ಮಾಡಿಕೊಡಬೇಕು. ಇದರಿಂದ ಅಂಗಳಗಳು ತೆರೆಯುವವು. ಮೂರನೆಯದಾಗಿ, ಹೇಳಿದವರ ಮಾತನ್ನು ತಿದ್ದದೆ, ಅವರ ನುಡಿಯಲ್ಲಿಯೇ ಕನ್ನಡ ಅಕ್ಷರಗಳಿಂದ ಬರೆದು ಕೆಳಗೆ ಅರ್ಥವನ್ನು ಬರೆಯಬೇಕು. ಕೈಯಲ್ಲಿ ಮೊಬೈಲ್ ಇರುವವರು ಧ್ವನಿಯನ್ನೂ ಹಿಡಿದಿಡಲಿ. ಆದರೆ ಕೇಳಿ, ಒಪ್ಪಿಗೆ ಪಡೆದ ಮೇಲೆ. ನಾಲ್ಕನೆಯದಾಗಿ, ಬರೆದುದರ ಒಂದು ಪ್ರತಿಯನ್ನು ಆ ಮನೆಗೇ ಹಿಂದಕ್ಕೆ ಒಯ್ದು ಓದಿ ತೋರಿಸಬೇಕು. ಐದನೆಯದಾಗಿ, ಕಲಾವಿದರನ್ನು ಶಾಲೆಗೆ ಕರೆದಾಗ ಕುರ್ಚಿ ಹಾಕಿ ಗುರುವಿನಂತೆ ಕುಳ್ಳಿರಿಸಿ, ಸಂಭಾವನೆ ಕೊಟ್ಟು ಕಳಿಸಬೇಕು. ಭಿಕ್ಷೆಯ ಜೋಳಿಗೆಯಿಂದ ಬದುಕಿದ ಕಲೆಗೆ ಕುರ್ಚಿಯನ್ನು ಕೊಡುವದೇ ಒಂದು ಪಾಠ.

ಆಕ್ಷೇಪಣೆಗಳು ಬರುವವು. ಪಾಠಗಳು ಮುಗಿಯುವದಿಲ್ಲ ಎಂದು ಕೆಲವರು ಹೇಳುವರು. ಕಿವಿಯಿಂದ ಕೇಳಿದುದನ್ನು ಶುದ್ಧವಾಗಿ ಬರೆಯುವದಕ್ಕಿಂತ ಉತ್ತಮವಾದ ಭಾಷೆಯ ಪಾಠವಾವದು? ಹಾಡಿನ ಮಾತು ಇತಿಹಾಸವಲ್ಲ ಎಂದು ಮತ್ತೆ ಕೆಲವರು ಹೇಳುವರು. ನಿಜ, ಹಾಡನ್ನು ಶಾಸನವೆಂದು ತಿಳಿಯಬಾರದು. ಕಂಪಿಲಿಯು 1327ರಲ್ಲಿ ದಿಲ್ಲಿಯ ಸೈನ್ಯಕ್ಕೆ ಸಿಕ್ಕು ನಾಶವಾದುದಕ್ಕೆ, ಶರಣು ಬಂದ ಗುರ್ಷಾಸ್ಪನಿಗೆ ರಾಜನು ಆಶ್ರಯವಿತ್ತುದು ಕಾರಣವೆಂದು ಇಬ್ನ್ ಬತೂತನು ಬರೆದಿರುವನು. ಜನರ ಕಥೆಯೋ ಮಲತಾಯಿ ರತ್ನಾಜಿಯ ಮೋಹದ ಸುತ್ತ, ಕುಮಾರರಾಮನ ಶೀಲದ ಸುತ್ತ ಬೆಳೆದಿದೆ. ಎರಡನ್ನೂ ಮಕ್ಕಳ ಮುಂದಿಟ್ಟು, ನಡೆದುದಾವದು, ಜನರು ನೆನಪಿಡಬಯಸಿದುದಾವದು ಎಂದು ಕೇಳಿದರೆ ಅವರ ವಿವೇಕವು ಹರಿತವಾಗುವದು. ಸಂಗೊಳ್ಳಿ ರಾಯಣ್ಣನ ಹಾಗೂ ಹಲಗಲಿಯ ಬೇಡರ ಲಾವಣಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದಿಟ್ಟು ಅಚ್ಚು ಹಾಕಿಸಿದವರು ಶಾಸನ ವಿದ್ವಾಂಸರಾದ ಫ್ಲೀಟ್ ಸಾಹೇಬರೇ ಎಂಬದನ್ನು ಇಲ್ಲಿ ನೆನೆಯಬೇಕು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪಣೆಯು ಬೇರೆ. ಹಳೆಯ ನೆನಪನ್ನು ಕೆದಕಿದರೆ ನೋವೂ ಹೊರಬರುವದು. ಗುಡಿಯ ಹೊರಗೆ ನಿಲ್ಲಿಸಿದ ನೆನಪು, ಬಿಟ್ಟಿ ದುಡಿದ ನೆನಪು, ಮುತ್ತು ಕಟ್ಟಿಸಿಕೊಂಡ ಹೆಣ್ಣಿನ ನೆನಪು ಬರುವವು. ಮಕ್ಕಳಿಗೆ ಇವೇತಕ್ಕೆ ಎನ್ನುವರು. ವಯಸ್ಸಿಗೆ ತಕ್ಕಂತೆ ಹೇಳುವ ಹೊಣೆಯು ಉಪಾಧ್ಯಾಯರದು. ಆದರೆ ಸಿಹಿ ಹಾಡನ್ನು ಮಾತ್ರ ಆಯ್ದುಕೊಂಡು ನೋವಿನ ಮಾತಿಗೆ ಕಿವಿ ಮುಚ್ಚಿಕೊಂಡರೆ ಅದು ತಿಳಿವಳಿಕೆಯಾಗದು, ಮನರಂಜನೆಯಾದೀತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನು ನೋಡಿರಿ. ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳಲು ಹೊರಟುದಕ್ಕೆ ಮನೆಯನ್ನು ತೊರೆದು, ಕಾಳವ್ವ ಜೋಗತಿಯವರ ತಂಡದಲ್ಲಿ ಕೊಡ ಹೊತ್ತು ಕುಣಿಯಲು ಕಲಿತವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಯನ್ನು ಪಡೆದರು. ಅವರ ಕುಣಿತವನ್ನು ನೋಡಿ ಚಪ್ಪಾಳೆ ತಟ್ಟುವದು ಸುಲಭ. ಅವರು ಪಟ್ಟ ಕಷ್ಟವನ್ನು ಕೇಳಿದ ಮಗುವು ನಾಳೆ ಬಸ್ಸಿನ ನಿಲ್ದಾಣದಲ್ಲಿ ಚಪ್ಪಾಳೆ ತಟ್ಟಿ ಕಾಸು ಬೇಡುವ ಜೀವವನ್ನು ಕಂಡು ನಗಲಾರದು. ಅಷ್ಟಾದರೆ ಶಾಲೆಯು ಸಾರ್ಥಕವಾಯಿತು.

ಕನ್ನಡ ಶಾಲೆಯಲ್ಲಿ ಬೇರೆ ನುಡಿಗಳಿಗೆ ಇಂಬು ಕೊಟ್ಟರೆ ಕನ್ನಡವು ಸೊರಗುವದೆಂದು ಅಂಜುವ ಅಭಿಮಾನಿಗಳಿಗೂ ಒಂದು ಮಾತು. ಆದವಾನಿ, ರಾಯದುರ್ಗದ ಕಡೆಯ ಕನ್ನಡ ಮಕ್ಕಳು ತೆಲುಗು ನಾಡಿನಲ್ಲಿ ಓದುತ್ತಿರುವರು. ಕಾಸರಗೋಡಿನ ಮಕ್ಕಳು ಕೇರಳದಲ್ಲಿ ಓದುತ್ತಿರುವರು. ಅಲ್ಲಿಯ ಸರಕಾರಗಳು ಅವರ ಮನೆಮಾತನ್ನು ಮನ್ನಿಸಬೇಕೆಂದು ನಾವು ಕೇಳುತ್ತೇವೆ. ಕೇಳುವದು ನ್ಯಾಯವೂ ಹೌದು. ಅದೇ ನ್ಯಾಯವನ್ನು ನಮ್ಮ ತಾಂಡಾದ ಮಗುವಿಗೂ, ಉರ್ದು ಮನೆಮಾತಿನ ಮಗುವಿಗೂ ಸಲ್ಲಿಸಿದಾಗಲೇ ನಮ್ಮ ಬೇಡಿಕೆಗೆ ಬಲ ಬರುವದು. ಹೊಳಲಿನ ಮಕ್ಕಳು ಕೂಡಿಸಿದ ಮೈಲಾರನ ಕಥೆಯನ್ನು ರಾಯದುರ್ಗದ ಕನ್ನಡ ಶಾಲೆಗೆ ಕಳಿಸಲಿ. ಅಲ್ಲಿಯವರು ತಮ್ಮೂರ ತೆಲುಗು ಹಾಡಿನ ಕನ್ನಡ ಅರ್ಥವನ್ನು ಇಲ್ಲಿಗೆ ಕಳಿಸಲಿ. ಗಡಿಯ ಗೆರೆಯನ್ನು ದಾಟಲು ಇಂಥ ಟಪಾಲಿಗೆ ಯಾರ ಅಪ್ಪಣೆಯೂ ಬೇಡ.

ಉಪಾಧ್ಯಾಯ ಬಂಧುಗಳೇ, ಇದಕ್ಕೆ ದೊಡ್ಡ ನಿಧಿಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಒಂದು ನೋಟು ಬುಕ್ಕು, ವಾರಕ್ಕೊಂದು ಅವಧಿ, ಕೇಳುವ ವಿನಯ ಇವಿಷ್ಟು ಸಾಕು. ನಾಡನ್ನು ಕೂಡಿಸಬೇಕೆಂದು ಹಿಂದಿನವರು ಸೆರೆಮನೆಗೆ ಹೋದರು, ಉಪವಾಸ ಮಾಡಿದರು, ಊರೂರು ತಿರುಗಿದರು. ನಮ್ಮ ಪಾಲಿಗೆ ಬಂದಿರುವದು ಅದಕ್ಕಿಂತ ಸುಲಭವಾದ ಕೆಲಸ: ಮಕ್ಕಳನ್ನು ನೆರೆಮನೆಯ ಅಂಗಳಕ್ಕೆ ಕಳಿಸುವದು. ಈ ವರ್ಷದ ಮೊಹರಮ್ಮಿನ ಪದಗಳಿಂದಲೋ, ಬರುವ ಮೈಲಾರದ ಜಾತ್ರೆಯಿಂದಲೋ, ತಾಂಡಾದ ಅಜ್ಜಿಯ ಒಂದು ಹಾಡಿನಿಂದಲೋ ಆರಂಭಿಸಿರಿ. ಇಂದು ಎಂಬತ್ತು ದಾಟಿದವರು ಮುಂದಿನ ಬೇಸಗೆಯವರೆಗೆ ಇರುವರೆಂದು ಯಾರೂ ಭರವಸೆ ಕೊಡಲಾರರು. ಆದಕಾರಣ ನಾಳೆಯೇ ಆರಂಭವಾಗಲೆಂದು ಬೇಡಿಕೊಳ್ಳುತ್ತೇವೆ.